ಇಂಜಿನ್ ಓಡುತ್ತೆ, ಬ್ಲೇಡ್ ತಿರುಗೋಲ್ಲ – ಏನು ಮಾಡಬೇಕು?



ಮಳೆ ಹಿಡಿದ ಮೇಲೆ ಕಾಫಿ ತೋಟದಲ್ಲಿ ಕಳೆ ಮೊಣಕಾಲುದ್ದ ಬೆಳೆದುಬಿಡುತ್ತದೆ. ಕಳಸ, ಮೂಡಿಗೆರೆ ಕಡೆಯ ಇಳಿಜಾರಿನಲ್ಲಿ ಚಕ್ರದ ಮೇಲೆ ತಳ್ಳುವ ಹುಲ್ಲು ಯಂತ್ರ ನಡೆಯೋದಿಲ್ಲ. ಹೆಗಲಿಗೆ ಹಾಕಿಕೊಳ್ಳುವ ಕಳೆ ಮಿಷನ್ನೇ ಬೇಕು. ಅಂಗಡಿಯವರು ಅದನ್ನು ಬ್ರಷ್ ಕಟರ್ ಅಂತಾರೆ. ಸಂಘದ ಸಾಲದಲ್ಲಿ ಮಿಷನ್ ಕೊಂಡು ಬಾಡಿಗೆಗೆ ಕೊಡುವವರಿಗೆ ಒಂದು ಮಾತು ಗೊತ್ತಿರುತ್ತದೆ: ಕಳೆ ಹೊಡೆಯುವ ದಿನಗಳಲ್ಲಿ ಮಿಷನ್ ಕೆಟ್ಟರೆ ಬಾಡಿಗೆ ನಿಲ್ಲುತ್ತೆ, ಕಂತು ನಿಲ್ಲೋಲ್ಲ.

ಯಾವುದನ್ನೂ ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿ, ಇಂಜಿನ್ ಆರಲಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡಿ. ಬ್ಲೇಡ್ ಹೇಗೂ ನಿಂತಿದೆಯಲ್ಲ ಅಂತ ಇಂಜಿನ್ ಓಡುವಾಗ ಹುಲ್ಲು ಎಳೆಯಲು ಕೈ ಹಾಕಬಾರದು. ನಿಂತ ಬ್ಲೇಡ್ ಯಾವ ಗಳಿಗೆಯಲ್ಲಾದರೂ ಹಿಡಿದುಕೊಳ್ಳಬಹುದು. ಬೆರಳು ಹೋಗೋದು ಹೀಗೇ.

ಇಂಜಿನ್ನಿಗೂ ಬ್ಲೇಡಿಗೂ ನಡುವೆ ಕ್ಲಚ್ ಇದೆ. ಅದರೊಳಗೆ ಸ್ಪ್ರಿಂಗ್ ಹಿಡಿದಿಟ್ಟ ಎರಡು ಶೂಗಳು. ಜಾತ್ರೆಯ ತೊಟ್ಟಿಲು ಜೋರಾಗಿ ಸುತ್ತಿದಾಗ ಕೂತವರು ಹೊರಕ್ಕೆ ವಾಲುವ ಹಾಗೆ, ಎಕ್ಸಲೇಟರ್ ಕೊಟ್ಟಾಗ ಶೂಗಳು ಹೊರಕ್ಕೆ ಅಗಲಿ ಸುತ್ತಲಿನ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ. ಡ್ರಮ್ ಪೈಪಿನೊಳಗಿನ ಶಾಫ್ಟನ್ನು, ಶಾಫ್ಟ್ ತುದಿಯ ಗೇರನ್ನು, ಗೇರ್ ಬ್ಲೇಡನ್ನು ತಿರುಗಿಸುತ್ತದೆ. ಸಾಮಾನ್ಯವಾಗಿ ಇಂಜಿನ್ ನಿಮಿಷಕ್ಕೆ ಸುಮಾರು 4,000 ಸುತ್ತಿಗೆ ಬಂದಾಗ ಕ್ಲಚ್ ಹಿಡಿಯುತ್ತದೆ. ಎಕ್ಸಲೇಟರ್ ಕೊಡದೆ ನಿಧಾನ ಓಡುವಾಗ ಬ್ಲೇಡ್ ತಿರುಗದಿರೋದು ಸರಿಯೇ. ಆಗಲೂ ತಿರುಗಿದರೆ ಅದೇ ತೊಂದರೆ: ಸ್ಪ್ರಿಂಗ್ ಹೋಗಿರಬಹುದು, ಇಲ್ಲವೇ ಐಡ್ಲಿಂಗ್ ಜಾಸ್ತಿ ಇಟ್ಟಿರಬಹುದು. ಅಂಥ ಮಿಷನ್ ತೋಟಕ್ಕೆ ಒಯ್ಯಬೇಡಿ.

ಮೊದಲು ಸುಲಭದ್ದು ನೋಡಿ. ಇಂಜಿನ್ ಪೂರ್ತಿ ವೇಗಕ್ಕೆ ಬರುತ್ತಿದೆಯೇ? ಚೋಕ್ ಹಾಕಿದ ಹಾಗೇ ಇದ್ದರೆ, ಏರ್ ಫಿಲ್ಟರಲ್ಲಿ ಧೂಳು ಕಟ್ಟಿದ್ದರೆ, ಎಕ್ಸಲೇಟರ್ ಕೇಬಲ್ ಸಡಿಲವಾಗಿದ್ದರೆ ಕ್ಲಚ್ ಹಿಡಿಯೋದೇ ಇಲ್ಲ. ಬ್ಲೇಡಿನ ಮೇಲ್ಗಡೆ ಬಳ್ಳಿ, ಹುಲ್ಲು ಸುತ್ತಿಕೊಂಡಿದ್ದರೆ ಬಿಡಿಸಿ. ಬ್ಲೇಡಿನ ನಟ್ ಸಡಿಲವಾಗಿದ್ದರೂ ಬ್ಲೇಡ್ ಜಾರುತ್ತದೆ. ಇಲ್ಲೊಂದು ವಿಶೇಷ: ಹೆಚ್ಚಿನ ಮಿಷನ್‌ಗಳಲ್ಲಿ ಈ ನಟ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಜೋರು ಮಾಡಿ ಮರೆ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ.

ಇಷ್ಟಕ್ಕೂ ಸರಿಯಾಗದಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಇಂಜಿನ್ನಿಗೆ ಪೈಪ್ ಸೇರುವ ಕಡೆಯ ಸ್ಕ್ರೂ ಬಿಚ್ಚಿ ಪೈಪನ್ನು ಬೇರೆ ಮಾಡಿ. ಹೆಚ್ಚಿನ ಸೈಡ್ ಪ್ಯಾಕ್ ಮಿಷನ್‌ಗಳಲ್ಲಿ ಡ್ರಮ್ ಪೈಪಿನ ಜೊತೆ ಬರುತ್ತದೆ, ಶೂಗಳು ಇಂಜಿನ್ನಲ್ಲೇ ಉಳಿಯುತ್ತವೆ. ಈಗ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ, ಇನ್ನೊಬ್ಬರು ದೂರದಿಂದ ಬ್ಲೇಡ್ ನೋಡಲಿ.

ಬ್ಲೇಡ್ ತಿರುಗಿತೇ? ಹಾಗಾದ್ರೆ ಶಾಫ್ಟ್, ಗೇರ್ ಎರಡೂ ಸರಿ, ತೊಂದರೆ ಕ್ಲಚ್ಚಿನದು. ಶೂ ಸವೆದಿರುತ್ತದೆ, ಅಥವಾ ಡ್ರಮ್ಮಿಗೆ ಎಣ್ಣೆ ಹತ್ತಿರುತ್ತದೆ. ಎಣ್ಣೆಯಿದ್ದರೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಸಲೀಸಾಗಲಿ ಅಂತ ಕ್ಲಚ್ಚಿಗೆ ಎಣ್ಣೆ ಬಿಡೋದು ದೊಡ್ಡ ತಪ್ಪು, ಅದು ಉಜ್ಜಿ ಹಿಡಿಯಬೇಕಾದ ಜಾಗ. ಶೂ ಹಾಕಿಸಿದರೆ ಜೋಡಿಯಾಗೇ ಹಾಕಿಸಿ.

ಡ್ರಮ್ ತಿರುಗಿ ಬ್ಲೇಡ್ ತಿರುಗದಿದ್ದರೆ ತೊಂದರೆ ಕೆಳಗಿದೆ. ಹಿಂದೆ ಯಾರಾದರೂ ಬಿಚ್ಚಿ ಜೋಡಿಸಿದ್ದರೆ ಶಾಫ್ಟಿನ ತುದಿ ಗೇರಿನೊಳಗೆ ಪೂರ್ತಿ ಕೂತಿರೋದಿಲ್ಲ. ಸ್ಕ್ರೂ ಸಡಿಲಿಸಿ, ಪೈಪನ್ನು ಒಳಕ್ಕೆ ತಳ್ಳುತ್ತಾ ಡ್ರಮ್ಮನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಕೂತ ಮೇಲೆ ಬಿಗಿ ಮಾಡಿ. ಆಗಲೂ ಆಗದಿದ್ದರೆ ಗೇರಿನ ಹಲ್ಲು ಹೋಗಿರಬಹುದು. ಗ್ರೀಸ್ ಹಾಕದೆ ಓಡಿಸಿದ ಮಿಷನ್ನಿನ ಗತಿ ಇದು. ಬೆನ್ನಿಗೆ ಹಾಕುವ ಮಿಷನ್ನಾದರೆ ಬಳುಕುವ ಪೈಪಿನೊಳಗಿನ ಕೇಬಲ್ ತುಂಡಾಗಿದೆಯೇ ಎಂದೂ ನೋಡಬೇಕು.

ಗೇರ್ ಹೋಗಿದ್ದರೆ ಆ ಗೇರ್ ಹೆಡ್ಡನ್ನು ಮಾತ್ರ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ, ಇಡೀ ಮಿಷನ್ ಹೊತ್ತು ಹೋಗಬೇಕಾಗಿಲ್ಲ. ಅಂಗಡಿಯಲ್ಲಿ "ಬ್ಲೇಡ್ ತಿರುಗೋಲ್ಲ" ಅಂತಷ್ಟೇ ಹೇಳಬೇಡಿ. "ಡ್ರಮ್ ತಿರುಗಿಸಿದ್ರೆ ಬ್ಲೇಡ್ ತಿರುಗುತ್ತೆ, ಕ್ಲಚ್ ನೋಡಿ" ಅಥವಾ "ಶಾಫ್ಟ್ ಸರಿಯಾಗಿ ಕೂತಿದೆ, ಗೇರ್ ನೋಡಿ" ಅನ್ನಿ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ವಾಪಸ್ ತಂದು, ಬಿಲ್ಲಿನ ಜೊತೆ ಮುಂದಿನ ಸಭೆಯಲ್ಲಿ ಎಲ್ಲರಿಗೂ ತೋರಿಸಿ.