ಮೊದಲು ಸೀಟಿನಡಿ ಒರೆಸಿ ನೋಡಿ
ಮಳೆಗಾಲದಲ್ಲಿ ಮಲೆನಾಡು ಸುತ್ತಿ ಬಂದ ಕಾರಿನೊಳಗೆ ಕೆಮ್ಮಣ್ಣು, ಬೆವರು, ಚೆಲ್ಲಿದ ಕಾಫಿ ಎಲ್ಲ ಸೇರಿ ಜಿಡ್ಡುಗಟ್ಟಿರುತ್ತದೆ. ಹೊಸ ಕ್ಲೀನರ್ ತಂದ ಉತ್ಸಾಹದಲ್ಲಿ ಡ್ಯಾಶ್‌ಬೋರ್ಡಿಗೆ ನೇರವಾಗಿ ಸಿಂಪಡಿಸಬೇಡಿ. ಮೊದಲು ಧೂಳನ್ನು ವ್ಯಾಕ್ಯೂಮಿನಿಂದ ಎಳೆಯಿರಿ. ನೆನೆದ ಮಣ್ಣು ಕೆಸರಾಗಿ ಸೀಟಿನ ನೂಲಿಗಿಳಿದರೆ ಬಿಡಿಸುವುದು ಕಷ್ಟ.

ಆಮೇಲೆ ಸೀಟಿನಡಿ, ಯಾರ ಕಣ್ಣಿಗೂ ಬೀಳದ ಅಂಗೈಯಗಲ ಜಾಗದಲ್ಲಿ ಬಿಳಿ ಮೈಕ್ರೋಫೈಬರ್ ಬಟ್ಟೆಗೆ ದ್ರಾವಣ ಹಾಕಿ ಒರೆಸಿ. ಬಿಳಿಯೇ ಏಕೆಂದರೆ, ಕಿತ್ತು ಬಂದದ್ದು ಕೊಳೆಯೋ ಸೀಟಿನ ಬಣ್ಣವೋ ಅದರಲ್ಲಿ ಕಾಣುತ್ತದೆ. ಪೂರ್ತಿ ಒಣಗುವ ತನಕ ಕಾಯಿರಿ. ಕಲೆಯ ಅಂಚು, ಉಳಿದ ಅಂಟು ಗೊತ್ತಾಗುವುದು ಆಗಲೇ.

ಅಮೋನಿಯಾ ಇರುವ ಗಾಜಿನ ಕ್ಲೀನರನ್ನು ಟಚ್‌ಸ್ಕ್ರೀನಿಗೆ ತಾಗಿಸಲೇಬೇಡಿ, ಅದರ ಲೇಪನ ಹಾಳಾದೀತು. ಛಾವಣಿಯ ಬಟ್ಟೆಯನ್ನಂತೂ ತೋಯಿಸಬೇಡಿ. ಒಳಗಿನ ಅಂಟು ಬಿಟ್ಟು ತಲೆಯ ಮೇಲೆ ಜೋತುಬೀಳುತ್ತದೆ.