ಸುಣ್ಣದ ಗೂಡಿನ ಲೆಕ್ಕ

ಕಾಮರ್ಸ್‌ನವರಿಗೆ ಕೆಮಿಸ್ಟ್ರಿ ಯಾಕೆ ಎನ್ನಬೇಡಿ. ಇದೂ ಲೆಕ್ಕದ ವಿಷಯವೇ.

ಶಾಖ ಹೊರಬಿಡುವ ಕ್ರಿಯೆ ಮಾತ್ರ ತಾನಾಗಿ ನಡೆಯುತ್ತದೆ ಎಂದು 19ನೇ ಶತಮಾನದಲ್ಲಿ ಫ್ರಾನ್ಸಿನ ಬರ್ತಲೋ ಅವರಂಥ ದೊಡ್ಡ ವಿಜ್ಞಾನಿಯೇ ಹೇಳಿದ್ದರು. ಹಾಗಿದ್ದರೆ ಮಂಜುಗಡ್ಡೆ ಕರಗಲೇಬಾರದು. ಅದು ಶಾಖ ಹೀರಿಕೊಂಡೇ ಕರಗುತ್ತದೆ. ಲೆಕ್ಕದಲ್ಲಿ ಇನ್ನೊಂದು ಕಲಂ ಇದೆ: ಎಂಟ್ರೊಪಿ, ಅಂದರೆ ಕಣಗಳೂ ಶಕ್ತಿಯೂ ಎಷ್ಟು ಚದುರಿವೆ ಎಂಬುದರ ಅಳತೆ. ಅಮೆರಿಕದ ಗಿಬ್ಸ್ 1870ರ ದಶಕದಲ್ಲಿ ಎರಡನ್ನೂ ಕೂಡಿಸಿದರು. ತಾಪಮಾನ, ಒತ್ತಡ ಸ್ಥಿರವಾಗಿದ್ದಾಗ:

ಗಿಬ್ಸ್ ಶಕ್ತಿಯ ಬದಲಾವಣೆ = ಹೀರಿದ ಶಾಖ − (ಕೆಲ್ವಿನ್ ತಾಪಮಾನ × ಎಂಟ್ರೊಪಿಯ ಬದಲಾವಣೆ)

ನಮ್ಮ ಖಾತೆಯಲ್ಲಿ ಮೈನಸ್ ಎಂದರೆ ನಷ್ಟ. ಇಲ್ಲಿ ಮೈನಸ್ ಬಂದರೇ ಕ್ರಿಯೆ ತಾನಾಗಿ ನಡೆಯಬಲ್ಲದು. ಸೊನ್ನೆ ಬಂದರೆ ಸಮತೋಲನ.

ಸುಣ್ಣ (ನಮ್ಮ ಮನೆಯಲ್ಲಿ ‘ಚೂನಾ’) ತಯಾರಾಗುವುದನ್ನು ನೋಡೋಣ. ಒಂದು ಮೋಲ್ ಸುಣ್ಣದಕಲ್ಲು ಒಡೆಯಲು 178 ಕಿಲೋಜೌಲ್ ಶಾಖ ಬೇಕು. ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಬರುವುದರಿಂದ ಎಂಟ್ರೊಪಿ ಕೆಲ್ವಿನ್‌ಗೆ ಸುಮಾರು 0.16 ಕಿಲೋಜೌಲ್ ಏರುತ್ತದೆ.

298 ಕೆಲ್ವಿನ್‌ನಲ್ಲಿ (25 ಡಿಗ್ರಿ): 178 − 48 = +130. ಕಲ್ಲು ಕಲ್ಲಾಗಿಯೇ ಇರುತ್ತದೆ.
1200 ಕೆಲ್ವಿನ್‌ನಲ್ಲಿ: 178 − 192 = −14. ಸುಣ್ಣವಾಗುತ್ತದೆ.

178ನ್ನು 0.16ರಿಂದ ಭಾಗಿಸಿದರೆ ಸುಮಾರು 1110 ಕೆಲ್ವಿನ್, ಅಂದರೆ 840 ಡಿಗ್ರಿ. ಗೂಡಿಗೆ ಅಷ್ಟು ಬೆಂಕಿ ಯಾಕೆ ಬೇಕೆಂಬುದಕ್ಕೆ ಉತ್ತರ ಇದೇ.

ಒಂದು ಎಚ್ಚರಿಕೆ: ‘ತಾನಾಗಿ’ ಎಂದರೆ ‘ಬೇಗ’ ಎಂದಲ್ಲ. ಕಾಗದ ಗಾಳಿಯಲ್ಲಿ ಉರಿಯುವುದರ ಲೆಕ್ಕವೂ ಮೈನಸ್ಸೇ. ಆದರೂ ಕಡ್ಡಿ ಗೀರುವವರೆಗೆ ನಮ್ಮ ಪುಸ್ತಕಗಳು ಕ್ಷೇಮ.

ಈಗ ನೀವೇ ಮಾಡಿ: ಮಂಜುಗಡ್ಡೆಗೆ ಶಾಖ 6.01, ಎಂಟ್ರೊಪಿ 0.022. ಭಾಗಿಸಿದರೆ ಬರುವ ಸಂಖ್ಯೆ ನಿಮಗೆ ಪರಿಚಯದ್ದೇ.