ನಮ್ಮೊಡನೆ ಬರುವ ಚಂದ್ರ

ಬೆಳುದಿಂಗಳ ರಾತ್ರಿ ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಕಿಟಕಿಯ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆಲ್ಲ ಅನುಭವಕ್ಕೆ ಬಂದಿರುವ ಸಂಗತಿಯೊಂದುಂಟು. ರಸ್ತೆಯ ಬದಿಯ ಮರಗಳು ಹಿಂದಕ್ಕೆ ಓಡುತ್ತವೆ. ಗದ್ದೆಯ ಆಚೆಯ ತೆಂಗಿನ ತೋಪು ನಿಧಾನವಾಗಿ ಹಿಂದೆ ಸರಿಯುತ್ತದೆ. ಅದಕ್ಕೂ ಆಚೆಯ ಬೆಟ್ಟ ಬಹಳ ಹೊತ್ತು ಜೊತೆಗಿದ್ದು ಕೊನೆಗೆ ಅದೂ ಹಿಂದುಳಿಯುತ್ತದೆ. ಚಂದ್ರನೊಬ್ಬ ಮಾತ್ರ ಹಿಂದುಳಿಯುವುದಿಲ್ಲ. ಮರಗಳ ನಡುವೆ ನುಸುಳಿ, ಮನೆಗಳ ಮಾಡನ್ನು ದಾಟಿ, ಬಸ್ಸು ನಿಂತಲ್ಲಿ ನಿಂತು, ಹೊರಟಲ್ಲಿ ಹೊರಟು, ನಾವು ಇಳಿಯುವ ಊರಿನ ತನಕವೂ ಬರುತ್ತಾನೆ. ದೊಡ್ಡವರು ಇದನ್ನು ಕಂಡು ಕಂಡು ಮರೆತಿದ್ದಾರೆ, ಮಕ್ಕಳು ಮರೆತಿಲ್ಲ. ಮಕ್ಕಳ ಆಲೋಚನಾಕ್ರಮವನ್ನು ಅಭ್ಯಾಸಮಾಡಿದ ಸ್ವಿಟ್ಜರ್ಲೆಂಡಿನ ವಿದ್ವಾಂಸ ಪಿಯಾಜೆ, ಚಂದ್ರ ತಮ್ಮ ಹಿಂದೆಯೇ ಬರುತ್ತಾನೆಂದು ಹೇಳಿದ ಎಳೆಯರ ಮಾತುಗಳನ್ನು 1926ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಜಿನೀವಾದ ಮಗುವಿಗೂ ಮಂಡ್ಯದ ಮಗುವಿಗೂ ಈ ವಿಷಯದಲ್ಲಿ ಭೇದವಿಲ್ಲ.

ಕೆಲವು ಕಾಲದ ಹಿಂದೆ ಒಂದು ಹುಣ್ಣಿಮೆಯ ದಿನ ನಾವು ಮನೆಮಂದಿಯೊಡನೆ ಮೇಲುಕೋಟೆಗೆ ಹೋಗಿದ್ದೆವು. ನಮ್ಮ ಅಣ್ಣನ ಸಂಸಾರವೂ ಬಂದಿತ್ತು. ಬೆಟ್ಟ ಹತ್ತಿ ಇಳಿದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿಂದು, ಸಂಜೆ ಅವರು ಉತ್ತರಕ್ಕೆ ನಾಗಮಂಗಲದ ಬಸ್ಸನ್ನೂ ನಾವು ದಕ್ಷಿಣಕ್ಕೆ ಮೈಸೂರಿನ ಬಸ್ಸನ್ನೂ ಹಿಡಿದೆವು. ಪೂರ್ವದಲ್ಲಿ ಚಂದ್ರ ಮೇಲೆದ್ದಿದ್ದ. ಎಡಗಿಟಕಿಗೆ ಮುಖವಿಟ್ಟು ನೋಡುತ್ತಿದ್ದ ನಮ್ಮ ನಾಲ್ಕು ವರ್ಷದ ಮಗಳು, ಕಂಡಕ್ಟರು ಚೀಟಿ ಕೊಟ್ಟು ಮುಂದಕ್ಕೆ ಹೋದೊಡನೆ, ತುಸು ಗಾಬರಿಯಿಂದಲೇ, “ಅಪ್ಪಾ, ಚಂದಮಾಮಾನೂ ಮೈಸೂರಿಗೆ ಬರ್ತಿದಾನೆ. ಅವನಿಗೆ ಟಿಕೆಟ್ ತೊಗೊಳ್ಳಲೇ ಇಲ್ಲ!” ಎಂದಳು. ಮುಂದಿನ ಸೀಟಿನ ಅಜ್ಜಿಯೊಬ್ಬರು ತಿರುಗಿ, “ಅವನು ದೇವರು ಕಣವ್ವ, ಅವನಿಗೆ ಚೀಟಿ ಇಲ್ಲ” ಎಂದು ನಕ್ಕರು.

ಇಂಥ ಮಾತಿಗೆ ನಾವು ದೊಡ್ಡವರು ಸಾಮಾನ್ಯವಾಗಿ ಕೊಡುವ ಉತ್ತರ, “ಅವನು ಬರುತ್ತಿಲ್ಲ ಮಗು, ಹಾಗೆ ಕಾಣುತ್ತದೆ ಅಷ್ಟೆ” ಎಂಬುದು. ಇದು ಉತ್ತರವೇ ಅಲ್ಲ. ಮರ ಹಾಗೆ ಕಾಣುವುದಿಲ್ಲ, ಬೆಟ್ಟ ಹಾಗೆ ಕಾಣುವುದಿಲ್ಲ, ಚಂದ್ರ ಮಾತ್ರ ಹಾಗೇಕೆ ಕಾಣಬೇಕು? ಪರೀಕ್ಷೆಯಲ್ಲಿ ಪ್ಯಾರಲಾಕ್ಸಿನ ಲಕ್ಷಣವನ್ನು ಒಂದಕ್ಷರ ತಪ್ಪದೆ ಬರೆಯುವ ವಿದ್ಯಾರ್ಥಿಗಳಲ್ಲಿಯೂ ಈ ಪ್ರಶ್ನೆಯನ್ನು ಬಿಡಿಸಿ ಹೇಳಬಲ್ಲವರು ಕೆಲವರೇ ಎಂಬುದು ನಮ್ಮ ಅನುಭವ.

ಮೊದಲು ಲೆಕ್ಕ ಮಾಡಿ ನೋಡೋಣ. ಬಸ್ಸಿನ ವೇಗ ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ಇರಲಿ. ಕಿಟಕಿಗೆ ನೇರವಾಗಿ ಎದುರಿರುವ ವಸ್ತುವಿನ ದಿಕ್ಕು ಎಷ್ಟು ಬೇಗ ಬದಲಾಗುತ್ತದೆಂಬುದನ್ನು ತಿಳಿಯಲು ನಮ್ಮ ವೇಗವನ್ನು ಆ ವಸ್ತುವಿನ ದೂರದಿಂದ ಭಾಗಿಸಿದರೆ ಸಾಕು. ಉತ್ತರ ರೇಡಿಯನ್ನುಗಳಲ್ಲಿ ಬರುತ್ತದೆ, ಒಂದು ರೇಡಿಯನ್ ಎಂದರೆ ಸುಮಾರು 57 ಡಿಗ್ರಿ. 15 ಮೀಟರ್ ದೂರದ ಹುಣಿಸೆಯ ಮರ ಸೆಕೆಂಡಿಗೆ 57 ಡಿಗ್ರಿಯ ದರದಲ್ಲಿ ಸರಿಯುತ್ತದೆ. ಕಣ್ಣು ಅದನ್ನು ಹಿಡಿಯುವಷ್ಟರಲ್ಲಿ ಅದು ಇಲ್ಲ. 150 ಮೀಟರ್ ದೂರದ ತೆಂಗಿನ ಮರಕ್ಕೆ ಇದು ಸುಮಾರು 6 ಡಿಗ್ರಿ. 6 ಕಿಲೋಮೀಟರ್ ದೂರದ ಬೆಟ್ಟ ಒಂದು ಡಿಗ್ರಿ ಸರಿಯುವುದಕ್ಕೆ 7 ಸೆಕೆಂಡು ಬೇಕು.

ಇನ್ನು ಚಂದ್ರ. ಅವನ ಸರಾಸರಿ ದೂರ ಸುಮಾರು 3,84,000 ಕಿಲೋಮೀಟರ್. ಮೇಲುಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್ ಎಂದಿಟ್ಟುಕೊಂಡು, ದಾರಿಯುದ್ದಕ್ಕೂ ಚಂದ್ರ ನಮಗೆ ಅಡ್ಡವಾಗಿಯೇ ಇದ್ದನೆಂದು ಭಾವಿಸೋಣ. ಇಡೀ ಪ್ರಯಾಣದಿಂದ ಅವನ ದಿಕ್ಕಿನಲ್ಲಿ ಆಗುವ ವ್ಯತ್ಯಾಸ ಸುಮಾರು 27 ವಿಕಲೆ ಮಾತ್ರ. ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಚಂದ್ರಬಿಂಬದ ಅಗಲವೇ ಸುಮಾರು 31 ಕಲೆ. ಆದ್ದರಿಂದ ಗಂಟೆಗಟ್ಟಲೆ ಕುಲುಕಾಡಿ ಮೈಸೂರು ಸೇರಿದರೂ ಚಂದ್ರ ತನ್ನ ಅಗಲದ ಎಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹಿಂದಕ್ಕೆ ಸರಿದಿರುತ್ತಾನೆ. ಬರಿಗಣ್ಣು ಗುರುತಿಸಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಕಲೆ. ಇದು ಅದರ ಅರ್ಧವೂ ಅಲ್ಲ. ಭೂಮಿಯ ಆವರ್ತನೆಯಿಂದ ಚಂದ್ರ ಆಕಾಶದಲ್ಲಿ ಗಂಟೆಗೆ ಹದಿನಾಲ್ಕು ಡಿಗ್ರಿಗೂ ಹೆಚ್ಚಾಗಿ ಸರಿಯುತ್ತಾನೆ ಎಂಬುದು ನಿಜ. ಆದರೆ ಅದು ಬಸ್ಸು ನಿಂತಿದ್ದರೂ ನಡೆಯುವ ಚಲನೆ. ಅದಕ್ಕೂ ನಮ್ಮ ಪ್ರಯಾಣಕ್ಕೂ ಸಂಬಂಧವಿಲ್ಲ.

ಮರ ಹಿಂದಕ್ಕೆ ಓಡುವಂತೆ ಕಾಣುವುದು ನಮ್ಮ ದೇಶದಲ್ಲಿ ಬಹು ಹಿಂದೆಯೇ ಗಣಿತಜ್ಞರ ಗಮನಕ್ಕೆ ಬಂದ ವಿಷಯ. ಆರ್ಯಭಟ ತನ್ನ ‘ಆರ್ಯಭಟೀಯ’ದಲ್ಲಿ, ದೋಣಿಯಲ್ಲಿ ಮುಂದಕ್ಕೆ ಸಾಗುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವುದನ್ನು ಹೇಳಿ, ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವುದನ್ನು ಅದಕ್ಕೆ ಹೋಲಿಸಿದ್ದಾನೆ. ದಡ ಹಿಂದಕ್ಕೆ ಹೋಗುವುದನ್ನು ಅವನು ವಿವರಿಸಿದ. ನಮ್ಮ ಮಗಳ ಪ್ರಶ್ನೆ ಹಿಂದಕ್ಕೆ ಹೋಗದೆ ಇರುವುದನ್ನು ಕುರಿತದ್ದು.

ಆಕೆಯ ಊಹೆ ಹುಚ್ಚು ಊಹೆಯೆ? ಅಲ್ಲ. ನಾವು ಚಲಿಸುತ್ತಿರುವಾಗ ಒಂದು ವಸ್ತು ದಿಕ್ಕನ್ನು ಬದಲಿಸದೆ ಇದ್ದರೆ ಅದಕ್ಕೆ ಎರಡು ಕಾರಣಗಳಿರಬಹುದು. ಆ ವಸ್ತು ನಮ್ಮಷ್ಟೇ ವೇಗದಿಂದ ನಾವು ಹೋಗುವ ಕಡೆಗೇ ಬರುತ್ತಿರಬಹುದು. ಇಲ್ಲವೆ ನಮ್ಮ ಪ್ರಯಾಣ ಲೆಕ್ಕಕ್ಕೇ ಬಾರದಷ್ಟು ದೂರದಲ್ಲಿರಬಹುದು. ನಾಲ್ಕು ವರ್ಷದ ಮಗು ಕಂಡಿರುವ ಲೋಕದಲ್ಲಿ ಎರಡನೆಯದಕ್ಕೆ ನಿದರ್ಶನವೇ ಇಲ್ಲ. ಮೊದಲನೆಯದಕ್ಕೆ ಬೇಕಾದಷ್ಟಿವೆ: ಕೈಹಿಡಿದು ಜೊತೆಗೆ ನಡೆಯುವ ತಾಯಿ, ಪಕ್ಕದಲ್ಲಿ ಅದೇ ವೇಗದಿಂದ ಬರುವ ಇನ್ನೊಂದು ಬಸ್ಸು. ಕಂಡದ್ದರಿಂದ ಕಾಣದ್ದನ್ನು ಊಹಿಸುವಾಗ ಅನುಭವದಲ್ಲಿರುವುದನ್ನು ಆರಿಸಿಕೊಳ್ಳುವುದು ವಿವೇಕವೇ ಸರಿ. ಒಬ್ಬನೇ ವೀಕ್ಷಕ, ಒಂದೇ ಬಸ್ಸು ಆದರೆ ಈ ಎರಡರಲ್ಲಿ ಯಾವುದು ಸರಿಯೆಂದು ಬರಿಗಣ್ಣಿನಿಂದ ನಿರ್ಣಯಿಸುವ ಮಾರ್ಗವಿಲ್ಲ. ಇನ್ನೊಬ್ಬ ವೀಕ್ಷಕ ಬೇಕು.

ಆ ರಾತ್ರಿ ಅದೂ ದೊರೆಯಿತು. ಮನೆ ಸೇರಿ ನಾಗಮಂಗಲಕ್ಕೆ ಫೋನು ಮಾಡಿದಾಗ ಅಣ್ಣನ ಆರು ವರ್ಷದ ಮಗನೂ ಇದೇ ಸುದ್ದಿಯನ್ನು ಹೇಳಲು ಕಾದಿದ್ದ. “ಚಂದಮಾಮ ನಮ್ ಬಸ್ಸಿನ ಜೊತೆ ಬಂದ” ಎಂದು ಅವನು, “ಇಲ್ಲ ಕಣೋ, ನಮ್ ಜೊತೆ ಬಂದ” ಎಂದು ಇವಳು. ಒಬ್ಬರು ದಕ್ಷಿಣಕ್ಕೆ, ಒಬ್ಬರು ಉತ್ತರಕ್ಕೆ; ಒಬ್ಬರಿಗೆ ಎಡಗಿಟಕಿಯಲ್ಲಿ, ಒಬ್ಬರಿಗೆ ಬಲಗಿಟಕಿಯಲ್ಲಿ. ಜಗಳ ಹರಿಯದಿರಲು ನಮ್ಮ ಮಗಳು, “ಹಾಗಾದ್ರೆ ಇಬ್ಬರು ಚಂದಮಾಮ ಇದಾರೆ” ಎಂದು ತೀರ್ಪು ಕೊಟ್ಟಳು. ತರ್ಕದ ದೃಷ್ಟಿಯಿಂದ ಇದೂ ಅಸಾಧುವಲ್ಲ. ಆದರೆ ಬಸ್ಸುಗಳಷ್ಟೇ ಚಂದ್ರರನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬನೇ ಕಣೇ ಇರೋದು. ಅವನು ಎಲ್ಲಿಗೂ ಹೋಗಿಲ್ಲ” ಎಂದ. ಆ ಎರಡು ವರ್ಷಗಳ ಅಂತರದಲ್ಲಿ ಮನಸ್ಸು ದಾಟುವ ದಾರಿ ಮೇಲುಕೋಟೆಯಿಂದ ಮೈಸೂರಿಗಿಂತ ಬಹಳ ದೊಡ್ಡದು.

ವೀಕ್ಷಕನ ಸ್ಥಾನ ಬದಲಾದಾಗ ವಸ್ತುವಿನ ದಿಕ್ಕು ಬದಲಾಗುವುದೇ ಪ್ಯಾರಲಾಕ್ಸ್. ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಗ್ರಹಣಗಣಿತದ ಸಂದರ್ಭದಲ್ಲಿ ಬರುವ ‘ಲಂಬನ’ ಈ ಜಾತಿಯದೇ. ಇದನ್ನು ನೋಡಲು ಬಸ್ಸೇ ಬೇಕಾಗಿಲ್ಲ. ತೋಳನ್ನು ಚಾಚಿ ಹೆಬ್ಬೆರಳನ್ನು ನಿಲ್ಲಿಸಿ ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿರಿ. ಬೆರಳು ಎದುರಿನ ಗೋಡೆಯ ಮೇಲೆ ಅತ್ತಿತ್ತ ನೆಗೆಯುತ್ತದೆ. ಎರಡು ಕಣ್ಣುಗಳ ನಡುವೆ 6 ಸೆಂಟಿಮೀಟರ್, ಬೆರಳಿನ ದೂರ 60 ಸೆಂಟಿಮೀಟರ್ ಆದರೆ ನೆಗೆತ ಸುಮಾರು 6 ಡಿಗ್ರಿ. ಮಗುವಿನ ಕಣ್ಣುಗಳು ಇನ್ನಷ್ಟು ಹತ್ತಿರವಾದರೂ ತೋಳು ಅದಕ್ಕಿಂತ ಹೆಚ್ಚಾಗಿ ಗಿಡ್ಡವಾದ್ದರಿಂದ ಮಗುವಿನ ಹೆಬ್ಬೆರಳು ತಂದೆಯದಕ್ಕಿಂತ ಸ್ವಲ್ಪ ಹೆಚ್ಚೇ ನೆಗೆಯುತ್ತದೆ.

ಈಗ ಇನ್ನೊಂದು ಬಸ್ಸನ್ನು ಹತ್ತೋಣ. ಅದು ಭೂಮಿ. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಿಂದ ಓಡುವ ಈ ವಾಹನ ಆರು ತಿಂಗಳಲ್ಲಿ ನಮ್ಮನ್ನು ಮೊದಲಿದ್ದ ಸ್ಥಳದಿಂದ ಸುಮಾರು 30 ಕೋಟಿ ಕಿಲೋಮೀಟರ್ ಆಚೆಗೆ ಕೊಂಡೊಯ್ಯುತ್ತದೆ. ಹೀಗಿರುವಾಗ ನಕ್ಷತ್ರಗಳು ದಾರಿಬದಿಯ ಮರಗಳಂತೆ ಒಂದಿಷ್ಟಾದರೂ ಸರಿಯಬೇಡವೆ? 1543ರಲ್ಲಿ ಕೋಪರ್ನಿಕಸನ ಗ್ರಂಥ ಪ್ರಕಟವಾದ ಮೇಲೆ ಈ ಪ್ರಶ್ನೆ ಪಂಡಿತರನ್ನು ಕಾಡಿತು. ಡೆನ್ಮಾರ್ಕಿನ ಟೈಕೋ ಬ್ರಾಹೆ ದೂರದರ್ಶಕವಿಲ್ಲದ ಕಾಲದಲ್ಲಿಯೇ ಸುಮಾರು ಒಂದು ಕಲೆಯವರೆಗೆ ನಿಷ್ಕೃಷ್ಟವಾಗಿ ಅಳೆಯುತ್ತಿದ್ದವನು. 1572ರಲ್ಲಿ ಥಟ್ಟನೆ ಕಾಣಿಸಿಕೊಂಡ ಹೊಸ ನಕ್ಷತ್ರಕ್ಕೆ ಪ್ಯಾರಲಾಕ್ಸ್ ಕಾಣದಿದ್ದುದರಿಂದ ಅದು ಚಂದ್ರನಿಗಿಂತ ಆಚೆಯದೆಂದು ತೋರಿಸಿಕೊಟ್ಟವನೂ ಅವನೇ. ಅವನು ನೋಡಿದ, ನಕ್ಷತ್ರಗಳು ಸರಿಯಲಿಲ್ಲ.

ಅವನ ಮುಂದೆಯೂ ಬಸ್ಸಿನ ಕಿಟಕಿಯ ಕವಲೇ ಇತ್ತು. ನಕ್ಷತ್ರಗಳು ಊಹಿಸಲಾಗದಷ್ಟು ದೂರ ಇರಬೇಕು. ಇಲ್ಲವೆ ನಾವು ಕುಳಿತಿರುವ ವಾಹನವೇ ಹೊರಟಿರಬಾರದು. ಟೈಕೋ ಎರಡನೆಯದನ್ನು ಆರಿಸಿಕೊಂಡ. ಇದನ್ನು ಕೇಳಿ ನಗುವವರು ಅವನ ವಾದವನ್ನು ಪೂರ್ತಿ ಕೇಳಬೇಕು. ಬರಿಗಣ್ಣಿಗೆ ನಕ್ಷತ್ರಗಳು ಒಂದೆರಡು ಕಲೆ ಅಗಲದ ಪುಟ್ಟ ಬಿಂಬಗಳಂತೆ ಕಾಣುತ್ತವೆ. ಅವು ಅಷ್ಟೊಂದು ದೂರದಲ್ಲಿದ್ದೂ ಆ ಅಗಲ ನಿಜವೇ ಆಗಿದ್ದರೆ ಒಂದೊಂದು ನಕ್ಷತ್ರವೂ ಸೂರ್ಯನಿಗಿಂತ ನಂಬಲಾಗದಷ್ಟು ದೊಡ್ಡದಾಗಿರಬೇಕು. ಆ ಬಿಂಬ ನಕ್ಷತ್ರದ್ದಲ್ಲ, ಕಣ್ಣೂ ಬೆಳಕೂ ಸೇರಿ ಉಂಟುಮಾಡುವ ಹರಡಿಕೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಟೈಕೋ ತಪ್ಪು ಹಾದಿ ಹಿಡಿದರೂ ಒಳ್ಳೆಯ ಕಾರಣದಿಂದ ಹಿಡಿದ.

ಕೊನೆಗೆ 1838ರಲ್ಲಿ ಜರ್ಮನ್ ಖಗೋಲಜ್ಞ ಬೆಸೆಲ್, ರಾಜಹಂಸ ರಾಶಿಯ 61 ಸಿಗ್ನೈ ಎಂಬ ಮಂಕು ನಕ್ಷತ್ರದ ಸರಿತವನ್ನು ಅಳೆದುದಾಗಿ ಪ್ರಕಟಿಸಿದ. ಈಗಿನ ಅಳತೆಯಂತೆ ಅದರ ಪ್ಯಾರಲಾಕ್ಸ್ 0.286 ವಿಕಲೆ. 2 ಸೆಂಟಿಮೀಟರ್ ಅಗಲದ ನಾಣ್ಯವನ್ನು 14 ಕಿಲೋಮೀಟರ್ ದೂರದಿಂದ ನೋಡಿದರೆ ಅದು ಕಣ್ಣಿನಲ್ಲಿ ಮಾಡುವ ಕೋನ ಇಷ್ಟೆ. ದೂರ 11.4 ಜ್ಯೋತಿರ್ವರ್ಷಗಳು. ಟೈಕೋನ ಉಪಕರಣ ಇದರ ಇನ್ನೂರು ಪಾಲಿನಷ್ಟನ್ನು ಮಾತ್ರ ಹಿಡಿಯಬಲ್ಲುದಾಗಿತ್ತು. 2013ರಲ್ಲಿ ಯೂರೋಪಿನವರು ಹಾರಿಸಿದ ಗಾಯಾ ಎಂಬ ಉಪಗ್ರಹ 2025ರ ಜನವರಿಯವರೆಗೆ ವೀಕ್ಷಣೆ ನಡೆಸಿ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಪ್ಯಾರಲಾಕ್ಸನ್ನು ಇದೇ ಉಪಾಯದಿಂದ ಅಳೆಯಿತು.

ನಕ್ಷತ್ರಗಳು ನಮ್ಮ ಕೈಗೆ ಎಟುಕುವುದಿಲ್ಲ, ಚಂದ್ರ ಎಟುಕುತ್ತಾನೆ. ಬಸ್ಸಿನ 50 ಕಿಲೋಮೀಟರ್ ಸಾಲದಿದ್ದರೆ ದೇಶದ ಉದ್ದವನ್ನೇ ಬಳಸಿಕೊಳ್ಳಬಹುದು. ಬೆಂಗಳೂರಿಗೂ ದೆಹಲಿಗೂ ನೇರ ದೂರ ಸುಮಾರು 1,740 ಕಿಲೋಮೀಟರ್. ಚಂದ್ರ ಎತ್ತರದಲ್ಲಿರುವಾಗ ಎರಡೂ ಊರುಗಳಿಂದ ಅವನನ್ನು ಒಂದೇ ನಕ್ಷತ್ರಕ್ಕೆ ಹೋಲಿಸಿ ನೋಡಿದರೆ ಸ್ಥಾನದಲ್ಲಿ ಕಾಲು ಡಿಗ್ರಿಗೂ ಸ್ವಲ್ಪ ಹೆಚ್ಚಿನ, ಎಂದರೆ ಸುಮಾರು ಅರ್ಧ ಚಂದ್ರಬಿಂಬದಷ್ಟು, ವ್ಯತ್ಯಾಸ ಕಾಣಬೇಕು. ದೆಹಲಿಯವರಿಗೆ ಚಂದ್ರ ಹೆಚ್ಚು ದಕ್ಷಿಣಕ್ಕೆ ಕಾಣುತ್ತಾನೆ. ಅಲ್ಲಿ ನೆಂಟರೋ ಸ್ನೇಹಿತರೋ ಇರುವ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಮನೆಯ ಪಂಚಾಂಗದಲ್ಲಿ ಮಘಾ ನಕ್ಷತ್ರ ಇರುವ ರಾತ್ರಿಯನ್ನು ಆರಿಸಿಕೊಳ್ಳಿರಿ. ಮಘಾ ತಾರೆ ಚಂದ್ರನ ಹಾದಿಗೆ ಬಹಳ ಸಮೀಪದಲ್ಲಿದೆ. ಹುಣ್ಣಿಮೆಯ ಚಂದ್ರನ ಬೆಳಕಿನಲ್ಲಿ ನಕ್ಷತ್ರ ಮುಳುಗಿಹೋಗುವುದರಿಂದ ಅರ್ಧಚಂದ್ರನೇ ಮೇಲು. ಚಂದ್ರನೂ ತಾರೆಯೂ ಒಂದೇ ಚಿತ್ರದಲ್ಲಿ ಬರುವಂತೆ ಇಬ್ಬರೂ ಫೋಟೋ ತೆಗೆದು, ಅವುಗಳ ನಡುವಣ ಅಂತರವನ್ನೂ ಓರೆಯನ್ನೂ ಚಂದ್ರಬಿಂಬದ ಅಗಲವನ್ನೇ ಅಳತೆಗೋಲಾಗಿಟ್ಟುಕೊಂಡು ಅಳೆಯಬೇಕು.

ಒಂದು ಎಚ್ಚರಿಕೆ ಅಗತ್ಯ. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಹೆಚ್ಚುಕಡಿಮೆ ತನ್ನ ಅಗಲದಷ್ಟು ಪೂರ್ವಕ್ಕೆ ನಡೆಯುತ್ತಾನೆ. ಒಬ್ಬರು ಅರ್ಧ ಗಂಟೆ ತಡಮಾಡಿದರೆ ಹುಡುಕುತ್ತಿರುವ ವ್ಯತ್ಯಾಸದಷ್ಟೇ ದೊಡ್ಡ ದೋಷ ಬಂದು ಸೇರುತ್ತದೆ. ಆದ್ದರಿಂದ ಫೋನಿನಲ್ಲಿ ಮಾತನಾಡುತ್ತಲೇ, ಇಬ್ಬರೂ ಒಂದೇ ನಿಮಿಷದಲ್ಲಿ ಚಿತ್ರ ತೆಗೆಯುವುದು ಕ್ಷೇಮ. ದೊರೆತ ಕೋನವನ್ನು ರೇಡಿಯನ್ನಿಗೆ ಪರಿವರ್ತಿಸಿ, 1,740ನ್ನು ಅದರಿಂದ ಭಾಗಿಸಿರಿ.